ಗ್ಯಾಸ್ ಗೀಸರಿಗೆ ಹೊಗಿ ಪೈಪ್ ಹಚ್ಚೋದು ಹೆಂಗ, ಬೆಳಗಾವಿ ಮನಿಗೋಳಿಗೆ ಪೂರ್ತಿ ಮಾಹಿತಿ

ನಮ್ಮ ಅಜ್ಜಿ ಮನ್ಯಾಗ ತಾಮ್ರದ ಬಂಬ ಇತ್ರಿ. ನಡುಕ ಒಂದು ಕೊಳವಿ, ಕೆಳಗ ಕಟಗಿ ತುರುಕೋ ಜಾಗಾ, ಸುತ್ತಲೂ ನೀರು. ಹೊಗಿ ಆ ಕೊಳವ್ಯಾಗ ಮ್ಯಾಲ ಹೋಗ್ತಿತ್ತು, ಬಂಬ ಹಿತ್ತಲದಾಗ ಇರ್ತಿತ್ತು, ಕಾದ ನೀರು ಅಷ್ಟ ಬಕೀಟಿನ್ಯಾಗ ಬಚ್ಚಲಕ್ಕ ಬರ್ತಿತ್ತು. ಬೆಂಕಿ ಹೊರಗ, ನೀರು ಒಳಗ. ಈಗ ಗ್ಯಾಸ್ ಗೀಸರ್ ಅಂತ ತಂದು ಅದ ಬೆಂಕೀನ ಬಾಗಲಾ ಕಿಡಕಿ ಎಲ್ಲಾ ಹಾಕ್ಕೊಂಡ ಬಚ್ಚಲದಾಗ ನೇತ ಹಾಕ್ತೀವಿ, ಕೊಳವಿನೂ ಹಚ್ಚಂಗಿಲ್ಲ.

ನಾ ಉದ್ಯಮಬಾಗದಾಗ ಶೀಟ್ ಮೆಟಲ್ ಕೆಲಸ ಮಾಡಾಂವ, ಪೈಪು, ಎಲ್ಬೋ ಅಂದ್ರ ಪೈಪ್ ತಿರಗಸೋ ಮೊಣಕೈಯಂಥಾ ತುಂಡು, ಇವೆಲ್ಲಾ ದಿನಾ ಕೈಯಾಗ ಇರ್ತಾವ, ಆದ್ರೂ ನಮ್ಮ ಮನ್ಯಾಗ ಆಗೋ ಮಟ ಈ ಕಡೆ ಲಕ್ಷ್ಯ ಕೊಟ್ಟಿರ್ಲಿಲ್ಲ. ನಮ್ಮ ಅಣ್ಣ ಹಿಂದವಾಡಿಯಾಗ ಬಾಡಿಗಿ ಮನ್ಯಾಗ ಇದ್ದಾಗ ಒಂದು ಜನವರಿ ಮುಂಜಾನೆ ವೈನಿ ಜಳಕಕ್ಕ ಹೋಗಿದ್ರು, ಥಂಡಿ ಅಂತ ಕಿಡಕಿಗೆ ರಟ್ಟು ಒತ್ತಿದ್ರು. ಹತ್ತು ನಿಮಿಷ ಆದಮ್ಯಾಲ ತಂಬಿಗಿ ಬಿದ್ದ ಸಪ್ಪಳ ಆತು, ಅಣ್ಣ ಕೂಗಿದ್ರ ಉತ್ತರ ಇಲ್ಲ, ಕಡೀಕ ಚಿಲಕಾ ಮುರದು ಒಳಗ ಹೋಗಿ ಎತ್ತಿಕೊಂಡ ಅಂಗಳಕ್ಕ ತಂದ. ದವಾಖಾನ್ಯಾಗ ಆಕ್ಸಿಜನ್ ಹಚ್ಚಿದ್ರು, ಸಂಜಿಕ ಆರಾಮ ಆದ್ರು. ಆಮ್ಯಾಲ ನಾ ಹೋಗಿ ನೋಡ್ತೀನಿ, ಗೀಸರಿನ ತಲಿಮ್ಯಾಲ ಕಾಲರ್, ಅಂದ್ರ ಹೊಗಿ ಹೋಗೋ ಗುಂಡನ ಬಾಯಿ ಐತಿ, ಅದಕ್ಕ ಹಚ್ಚೋ ಪೈಪು ಪ್ಲಾಸ್ಟಿಕ್ ಕವರ್ ಸೈತ ತಗೀದ ಮಾಳಗಿ ಮ್ಯಾಲ ಬಿದ್ದೈತಿ. ಕೂಡಿಸಿ ಹೋದಾಂವ ಹೇಳಿದ್ನಂತ, ಎಲ್ಲಾರ ಮನ್ಯಾಗೂ ಹಿಂಗ ಐತ್ರಿ ಅಕ್ಕಾರ, ಪೈಪ್ ಇರದಿದ್ರ ಏನೂ ಆಗಂಗಿಲ್ಲ ಅಂತ. ಅದಕ್ಕ ಇಷ್ಟು ಉದ್ದ ಬರೀಲಿಕತ್ತೀನಿ, ಪೂರ್ತಿ ಓದ್ರಿ.

ಮೊದ್ಲ ಲೆಕ್ಕ ತಿಳ್ಕೋರಿ, ಯಾಕಂದ್ರ ಇದು ಗೊತ್ತಾದ್ರ ಪೈಪ್ ಬ್ಯಾಡ ಅಂತ ಯಾರೂ ಅನ್ನಂಗಿಲ್ಲ. ನಮ್ಮ ಕಡೆ ಮನಿಗೋಳದಾಗ ಇರೋದು ಹೆಚ್ಚಾಗಿ ನಿಮಿಷಕ್ಕ 6 ಲೀಟರ್ ನೀರು ಕೊಡೋ ಗೀಸರ್. ಪೂರ್ತಿ ಉರಿ ಇಟ್ರ ಅದು ತಾಸಿಗೆ ಹತ್ತಿರ ಹತ್ತಿರ ಒಂದು ಕೇಜಿ ಗ್ಯಾಸ್ ಸುಡ್ತೈತಿ, ಅಂದ್ರ ಹತ್ತು ನಿಮಿಷದ ಜಳಕಕ್ಕ ಸುಮಾರು 150 ಗ್ರಾಂ. ಅಷ್ಟು ಗ್ಯಾಸ್ ಸರಿ ಉರೀಬೇಕಂದ್ರ 1,800 ರಿಂದ 2,000 ಲೀಟರ್ ಗಾಳಿ ಬೇಕು. ಈಗ 4 ಫೂಟ್ ಅಗಲ, 6 ಫೂಟ್ ಉದ್ದ, 8 ಫೂಟ್ ಎತ್ತರದ ಬಚ್ಚಲ ತಗೋರಿ, ಅದರಾಗ ಇರೋ ಗಾಳಿ ಎಲ್ಲಾ ಸೇರಿ 5,400 ಲೀಟರ್ ಅಷ್ಟ. ಒಬ್ಬರ ಜಳಕಕ್ಕ ಮೂರರಾಗ ಒಂದು ಪಾಲು ಗಾಳಿ ಮುಗೀತು, ಅವರ ಹಿಂದ ಇನ್ನೊಬ್ರು ಹೋದ್ರು ಅಂದ್ರ ಏನ ಉಳೀತೈತಿ ನೀವ ಹೇಳ್ರಿ. ಗಾಳಿ ಕಡಿಮಿ ಆದಂಗ ಉರಿ ಅರಿಬರಿ ಸುಡ್ತೈತಿ, ಆಗ ಬರೋದು ಕಾರ್ಬನ್ ಮೊನಾಕ್ಸೈಡ್. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಂಗಿಲ್ಲ. ಸಿಲಿಂಡರ್ ಲೀಕ್ ಆದ್ರ ಮೂಗಿಗೆ ಗೊತ್ತಾಗ್ತೈತಿ, ಯಾಕಂದ್ರ ಅದರಾಗ ವಾಸನಿ ಬೆರಸಿರ್ತಾರ, ಇದು ಬಂದ್ರ ಗೊತ್ತ ಆಗಂಗಿಲ್ಲ. ರಕ್ತದಾಗ ಆಕ್ಸಿಜನ್ ಹಿಡಕೋಬೇಕಾದ ಜಾಗಾದಾಗ ಇದು ಆಕ್ಸಿಜನ್‌ಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಹಿಡ್ಕೊಂಡು ಕೂಡತೈತಿ. ತಲಿ ನೋವು, ತಲಿ ತಿರಗೋದು, ಹೊಟ್ಟಿ ತೊಳಸೋದು, ಕಾಲಾಗ ಶಕ್ತಿ ಹೋಗೋದು, ಇವು ಶುರು ಆದಮ್ಯಾಲ ಚಿಲಕಾ ತಗಿಯೂಕೂ ಆಗಂಗಿಲ್ಲ.

ಇನ್ನ ಕೆಲಸಕ್ಕ ಬರೋಣು. ಮೊದಲ್ನೇದ್ದು, ನಿಮ್ಮ ಗೀಸರ್ ಯಾವ ಜಾತಿ ನೋಡ್ರಿ. ಒಂದು, ಮ್ಯಾಲ ಕಾಲರ್ ಇರೂದ ಇಲ್ಲ, ಬರೇ ಸೀಳು ಇರ್ತಾವ, ಹೊಗಿ ಅಲ್ಲೇ ಬಿಡ್ತೈತಿ. ಇದಕ್ಕ ಪೈಪ್ ಹಚ್ಚಾಕ ಬರಂಗಿಲ್ಲ, ಇದು ಬಚ್ಚಲದಾಗ ಬ್ಯಾಡ, ಅಡಗಿ ಮನ್ಯಾಗೂ ಬ್ಯಾಡ, ಪೂರ್ತಿ ಬಯಲಾಗಿರೋ ಜಾಗಾಕ್ಕ ಅಷ್ಟ. ಎರಡು, ಮ್ಯಾಲ ಕಾಲರ್ ಇರೋದು, ಬಿಸಿ ಹೊಗಿ ತಾನ ಮ್ಯಾಲ ಏಳೋ ಬಲದಿಂದ ಪೈಪಿನ್ಯಾಗ ಹೋಗ್ತೈತಿ, ಅಜ್ಜಿ ಬಂಬದ ರೀತಿ. ಮೂರು, ಒಳಗ ಫ್ಯಾನ್ ಇದ್ದು ಹೊಗಿ ದಬ್ಬೋದು, ಇದಕ್ಕ ಕರೆಂಟ್ ಬೇಕು. ನಾಕನೇದು ಒಂದರೊಳಗ ಒಂದು ಇರೋ ಜೋಡಿ ಪೈಪಿನದು, ನಡುವಿನ ಪೈಪಿನ್ಯಾಗ ಹೊಗಿ ಹೊರಗ ಹೋಗ್ತೈತಿ, ಸುತ್ತಲಿನ ಸಂದ್ಯಾಗ ಹೊರಗಿನ ಗಾಳಿ ಒಳಗ ಬರ್ತೈತಿ, ಮನಿ ಗಾಳಿ ಮುಟ್ಟೂದ ಇಲ್ಲ. ರೊಕ್ಕ ಜಾಸ್ತಿ, ಆದ್ರ ನನ್ನ ಕೇಳಿದ್ರ ಮನಿ ಒಳಗ ಇಡಬೇಕಂದ್ರ ಇದೊಂದ ಸರಿ. ಯಾವುದ ತಗೊಂಡ್ರೂ ಐಎಸ್‌ಐ ಗುರ್ತು ನೋಡ್ರಿ, ಈ ಸಣ್ಣ ಎಲ್‌ಪಿಜಿ ಗೀಸರಿಗೆ ಐಎಸ್ 15558 ಅಂತ ನಂಬರ್ ಇರ್ತೈತಿ. ಪೈಪ್‌ಲೈನ್ ಗ್ಯಾಸ್ ಇದ್ದವ್ರು ಎಲ್‌ಪಿಜಿ ಗೀಸರ್ ತಂದು ಹಂಗ ಜೋಡಸಬ್ಯಾಡ್ರಿ, ಗ್ಯಾಸ್ ಚಿಮ್ಮೋ ತೂತು (ಜೆಟ್ಟು), ಪ್ರೆಶರು ಎರಡೂ ಬ್ಯಾರೆ.

ಎರಡ್ನೇದು ಜಾಗಾ. ಜೋಡಿ ಪೈಪಿಂದು ಬಿಟ್ರ ಯಾವ ಗೀಸರೂ ಬಚ್ಚಲ ಒಳಗ ಬ್ಯಾಡ, ಪೈಪ್ ಹಚ್ಚಿದ್ರೂ ಬ್ಯಾಡ. ಹಿತ್ತಲ ಗ್ವಾಡಿ, ಭಾಂಡೆ ತೊಳಿಯೋ ಜಾಗಾ, ಬಾಲ್ಕನಿ, ಅಲ್ಲಿ ಇಟ್ಟು ಬಿಸಿನೀರಿನ ಪೈಪ್ ಅಷ್ಟ ಒಳಗ ತಗೋರಿ. ಹತ್ತು ಹದಿನೈದು ಫೂಟ್ ಪೈಪಿನ್ಯಾಗ ಮೊದ್ಲ ಒಂದು ತಂಬಿಗಿ ಥಣ್ಣೀರು ಬರ್ತೈತಿ ಅಷ್ಟ, ಅದು ಬಕೀಟಿಗೆ ಹೋಗ್ಲಿ ಬಿಡ್ರಿ. ನಾವು ವೈನಿ ಮನಿದು ಹಿತ್ತಲದ ಶೆಡ್ಡಿನ ಗ್ವಾಡಿಗೆ ತಂದ್ವಿ. ಮುಂದ ಹೇಳೋದೆಲ್ಲಾ ಆ ಎರಡ್ನೇ ಜಾತಿ ಗೀಸರಿಗೆ, ಅಂದ್ರ ಬಿಸಿ ಹೊಗಿ ತಾನ ಏಳೋದಕ್ಕ, ಫ್ಯಾನಿಂದು ಎಲ್ಲಿ ಬ್ಯಾರೆ ಐತೋ ಅಲ್ಲಿ ಹೇಳ್ತೀನಿ. ನಿಮ್ಮ ಗೀಸರಿನ ಪುಸ್ತಕದಾಗ ಬ್ಯಾರೆ ಅಳತಿ ಇದ್ರ ಅದ ಖರೆ ಅಂತ ತಿಳೀರಿ.

ಪೈಪ್ ಖರೀದಿ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಇಲ್ಲೇ ಭಾಳ ಮಂದಿ ರೊಕ್ಕ ಉಳಸಾಕ ಹೋಗಿ ಕೆಡಸ್ಕೋತಾರ. ಮಳಿನೀರಿಗೆ ಹಾಕೋ ಪಿವಿಸಿ ಪೈಪ್ ಹಚ್ಚಿದ್ದು ನಾ ಕಣ್ಣಾರೆ ನೋಡೀನ್ರಿ, ಮ್ಯಾಲಿನ ಎಲ್ಬೋ ಮೇಣದ ಹಂಗ ಬಾಗಿ ಕೆಳಗ ಜೋತಿತ್ತು. ಗೀಸರಿಂದ ಬರೋ ಹೊಗಿ 150 ಡಿಗ್ರಿಗೂ ಜಾಸ್ತಿ ಇರಬಹುದು, ಪಿವಿಸಿ 80 ಡಿಗ್ರಿ ಹತ್ತಿರಕ್ಕನ ಮೆತ್ತಗ ಆಗ್ತೈತಿ. ಹೊರದೇಶದ ಕಂಡೆನ್ಸಿಂಗ್ ಗೀಸರಿಗೆ ಪ್ಲಾಸ್ಟಿಕ್ ಪೈಪ್ ಹಾಕ್ತಾರ ಅಂತ ವಿಡಿಯೋ ನೋಡಿ ನಮ್ಮದಕ್ಕೂ ಹಾಕಬ್ಯಾಡ್ರಿ, ಅದರಾಗ ಹೊಗಿ ಆರಿ ಹೊರಗ ಬರ್ತೈತಿ, ನಮ್ಮದರಾಗ ಹಂಗಿಲ್ಲ. ಅಡಗಿ ಮನಿ ಚಿಮಣಿಗೆ ಹಾಕೋ ಸುಕ್ಕು ಸುಕ್ಕಿನ ಅಲ್ಯೂಮಿನಿಯಂ ಪೈಪೂ ಬ್ಯಾಡ, ಕೈಲೆ ಒತ್ತಿದ್ರ ಚಪ್ಪಟಿ ಆಗ್ತೈತಿ, ಸುಕ್ಕಿನ್ಯಾಗ ನೀರು ನಿಲ್ತೈತಿ. ನೀರು ಎಲ್ಲಿಂದ ಬಂತು ಅಂತೀರಿ, ಗ್ಯಾಸ್ ಸುಟ್ರ ಉಗಿ ಬರ್ತೈತಿ, 150 ಗ್ರಾಂ ಗ್ಯಾಸಿಗೆ ದೊಡ್ಡ ಲೋಟದಷ್ಟು ನೀರು. ಅದು ಥಣ್ಣನ ಪೈಪಿಗೆ ತಾಗಿ ಹನಿ ಆಗ್ತೈತಿ, ಹುಳಿ ಗುಣದ ನೀರು ಅದು, ಜಿಐ, ಅಂದ್ರ ಸತುವಿನ ಲೇಪ ಕೊಟ್ಟ ಕಬ್ಬಿಣದ ತಗಡನ್ನ ಕೆಲವೇ ವರ್ಷದಾಗ ತಿಂದು ತೂತು ಮಾಡ್ತೈತಿ. ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) 304 ಗ್ರೇಡಿಂದು ತಗೋರಿ, 316 ಸಿಕ್ರ ಇನ್ನೂ ಚೊಲೊ. 202 ಗ್ರೇಡಿಂದು ಹೊಸದಾಗಿ ಹೊಳೀತೈತಿ, ಆಮ್ಯಾಲ ತುಕ್ಕು ಹಿಡೀತೈತಿ, ಮ್ಯಾಗ್ನೆಟ್ ಹಚ್ಚಿ ನೋಡಿದ್ರ ಎರಡರ ಫರಕ್ ಗೊತ್ತಾಗಂಗಿಲ್ಲ, ಅದಕ್ಕ ಬಿಲ್ಲಿನ್ಯಾಗ ಗ್ರೇಡ್ ಬರಸ್ಕೋರಿ.

ಸೈಜು. ಕಾಲರಿನ ಅಳತಿ ಎಷ್ಟೋ ಪೈಪ್ ಅಷ್ಟ, ಒಂದು ನೂಲೂ ಕಡಿಮಿ ಬ್ಯಾಡ. ಮನ್ಯಾಗ ಮೂರು ಇಂಚಿಂದು ತುಂಡು ಬಿದ್ದೈತಿ, ರೆಡ್ಯೂಸರ್ ಹಾಕ್ತೀನಿ ಅಂತಾರ, ನಾಲ್ಕು ಇಂಚಿಂದು ಮೂರಕ್ಕ ಇಳಿಸಿದ್ರ ಹೊಗಿ ಹೋಗೋ ಜಾಗಾ ನೂರಕ್ಕ 56 ಅಷ್ಟ ಉಳೀತೈತಿ, ಉಳಿದ ಹೊಗಿ ವಾಪಸ್ ಮಾರಿ ಮ್ಯಾಲ ಬರ್ತೈತಿ.

ಆಮ್ಯಾಲ ದಾರಿ ಗುರ್ತು ಹಾಕ್ರಿ, ಗ್ವಾಡಿ ಮ್ಯಾಲ ಚಾಕ್‌ಪೀಸಿಲೆ ಗೆರಿ ಎಳದು. ಕಾಲರಿಂದ ಕಮ್ಮಿ ಅಂದ್ರ ಒಂದು ಫೂಟ್ ನೆಟ್ಟಗ ಮ್ಯಾಲ ಹೋಗಬೇಕು, ಎರಡಾದ್ರ ಚೊಲೊ, ಆಮ್ಯಾಲನ ಮೊದಲ್ನೇ ಎಲ್ಬೋ. ಕಾಲರಿನ ಮ್ಯಾಲ ನೇರ ಎಲ್ಬೋ ಕೂಡಸಿದ್ರ ಹೊಗಿಗೆ ಏಳೋ ಜೋರ ಬರಂಗಿಲ್ಲ, ಓಡಿ ಬಂದು ಜಿಗಿಯೋದಕ್ಕೂ ನಿಂತಲ್ಲೇ ಜಿಗಿಯೋದಕ್ಕೂ ಇರೋ ಫರಕ್ ಅದು. ಎಲ್ಬೋ ಎರಡಕ್ಕಿಂತ ಜಾಸ್ತಿ ಬ್ಯಾಡ. ಒಂದು 90 ಡಿಗ್ರಿ ಎಲ್ಬೋ ಅಂದ್ರ ಐದಾರು ಫೂಟ್ ನೆಟ್ಟಗಿನ ಪೈಪಿನಷ್ಟು ತಡಿ ಕೊಡ್ತೈತಿ ಅಂತ ಲೆಕ್ಕ ಹಿಡೀತಾರ, ಆಗೋ ಕಡೆ 45 ಡಿಗ್ರಿ ಹಾಕ್ರಿ. ಅಡ್ಡ ಹೋಗೋ ತುಂಡು ಎಷ್ಟು ಗಿಡ್ಡ ಇದ್ರ ಅಷ್ಟು ಒಳ್ಳೇದು.

ಇಳುಕಲು ಭಾಳ ಮಹತ್ವದ್ದು, ತಪ್ಪಾಗೋದೂ ಇಲ್ಲೇ. ತಾನ ಏಳೋ ಹೊಗಿ ಪೈಪು ಹೊರಗ ಹೋಗೋ ಕಡೆ ಮ್ಯಾಲ ಏರಬೇಕು, ಒಂದು ಫೂಟಿಗೆ ಕಾಲಿಂಚು. ಫ್ಯಾನ್ ಇರೋದಕ್ಕ ಉಲ್ಟಾ, ಹೊರಗ ಹೋಗೋ ಕಡೆ ಅಷ್ಟ ಇಳೀಬೇಕು, ಯಾಕಂದ್ರ ಫ್ಯಾನ್ ಹೊಗಿ ದಬ್ಬತೈತಿ, ಮಳಿನೀರು ಹನಿನೀರು ಫ್ಯಾನಿಗೆ ವಾಪಸ್ ಬರಬಾರದು. ಮಿಸ್ತ್ರಿಗೆ ಇದನ್ನ ಬಾಯಿಲೆ ಹೇಳಿದ್ರ ಸಾಲದು, ಲೆವೆಲ್ ಇಟ್ಟು ತೋರಸ್ರಿ.

ತೂತು ಹಾಕೋದು. ಹೊಸ ಮನಿ 9 ಇಂಚಿನ ಇಟ್ಟಂಗಿ ಗ್ವಾಡಿ ಇದ್ರ ಗುಂಡಗ ತೂತು ಕೊರಿಯೋ ಕೋರ್ ಕಟರ್ ಮಷೀನ್ ಬಾಡಿಗಿ ತರ್ರಿ, ಛಿನ್ನಿ ಸುತಗಿಲೆ ಒಡದ್ರ ಆಚಿಕಡೆ ತಟ್ಟಿಯಷ್ಟು ಪ್ಲಾಸ್ಟರ್ ಉದರ್ತೈತಿ. ಶಹಾಪುರ, ವಡಗಾವಿ ಹಳೇ ಗಲ್ಲಿ ಮನಿಗೋಳದಾಗ ಗ್ವಾಡಿ ಒಂದೂವರಿ ಫೂಟ್ ದಪ್ಪ, ನಡುಕ ಮಣ್ಣು ಕಲ್ಲು ತುಂಬಿರ್ತಾವ, ಅಲ್ಲಿ ಮೆಲ್ಲಕ ಹೋಗ್ರಿ, ಗೌಂಡಿನ್ನ ಕರೀರಿ. ಪೈಪಿಗಿಂತ ಒಂದು ಇಂಚು ದೊಡ್ಡ ತೂತು ಹಾಕಿ, ಒಂದು ತಗಡಿನ ತೋಳು ಕೂಡಸಿ ಅದರೊಳಗ ಪೈಪ್ ಹಾಯಸ್ರಿ, ಸಂದಿಗೆ ಸಿಮೆಂಟ್ ಬ್ಯಾಡ, ಕಾದಾಗ ಪೈಪ್ ಹಿಗ್ಗತೈತಿ, ಬಿಸಿ ತಡಿಯೋ ಕೆಂಪು ಸಿಲಿಕಾನ್ ಮೆತ್ತಿದ್ರ ಸಾಕು. ಹಂಚಿನ ಮನ್ಯಾಗ ತೊಲಿ, ಜಂತಿ, ಕಟಗಿ ಹಲಗಿ ಇದ್ರ ಪೈಪು ಅವಕ್ಕಿಂತ 6 ಇಂಚು ದೂರ ಇರಬೇಕು, ಒಣಗಿದ ಹಳೇ ಕಟಗಿ ದಿನಾ ಕಾದು ಕಾದು ಒಂದು ದಿನ ತಾನ ಹೊತ್ಕೋತೈತಿ.

ಜೋಡ್ಸುವಾಗ ಒಂದರೊಳಗ ಒಂದು ಕಮ್ಮಿ ಅಂದ್ರ ಒಂದೂವರಿ ಇಂಚು ಹೋಗಬೇಕು. ಸಾದಾ ತಗಡಿನ ಪೈಪಿಗೆ ಪ್ರತಿ ಜೋಡಿಗೆ ಸುತ್ತ ಮೂರು ಸ್ಕ್ರೂ ಹಾಕಿ, ಮ್ಯಾಲ ಅಲ್ಯೂಮಿನಿಯಂ ಟೇಪ್ ಸುತ್ರಿ. ಬಟ್ಟಿ ಟೇಪು, ಎಲೆಕ್ಟ್ರಿಕ್ ಟೇಪು ಬಿಸಿಗೆ ಬಿಟ್ಟು ಬೀಳ್ತಾವ. ರಬ್ಬರ್ ರಿಂಗ್ ಇರೋ ಕಂಪನಿ ಪೈಪ್ ಇದ್ರ ಅದಕ್ಕ ಸ್ಕ್ರೂ ಹೊಡೀಬ್ಯಾಡ್ರಿ, ರಿಂಗ್ ಹರೀತೈತಿ. ಮೂರ್ನಾಕು ಫೂಟಿಗೊಂದು ಕ್ಲ್ಯಾಂಪ್ ಗ್ವಾಡಿಗೆ ಹಚ್ರಿ, ಪೈಪಿನ ಭಾರ ಗೀಸರಿನ ಕಾಲರ್ ಮ್ಯಾಲ ಬೀಳಬಾರದು.

ಪೈಪ್ ಹೊರಗ ಬಂದಮ್ಯಾಲ ಮೂರು ಬಾಯಿ ಇರೋ ಒಂದು ಟೀ ತುಂಡು ಹಾಕ್ರಿ, ಮ್ಯಾಲಿನ ಬಾಯಿಂದ ಪೈಪ್ ನೆಟ್ಟಗ ಏರಲಿ, ಕೆಳಗಿನ ಬಾಯಿಗೆ ಸಣ್ಣ ತೂತಿನ ಮುಚ್ಚಳ, ಹನಿ ಅಲ್ಲಿಂದ ಇಳೀಲಿ. ಮಾಳಗಿಗಿಂತ ಎರಡು ಫೂಟ್ ಮ್ಯಾಲ ಪೈಪಿನ ತುದಿ ಇರಲಿ, ಸಜ್ಜಾದ ಕೆಳಗ ಮುಗಿಸಬ್ಯಾಡ್ರಿ. ಅದರ ಮ್ಯಾಲ ಟೊಪಗಿ. ಬೆಳಗಾವಿ ಮಳಿ ಎಲ್ಲಾರಿಗೂ ಗೊತ್ತಲಾ, ಜೂನಿಂದ ಸೆಪ್ಟೆಂಬರ್ ಮಟ ಪಡುವಣ ಗಾಳಿ ಮಳಿನ್ನ ಅಡ್ಡಡ್ಡ ಹೊಡೀತೈತಿ, ಅದಕ್ಕ ಗ್ವಾಡಿಯಿಂದ ನೇರ ಹೊರಗ ಬಿಡೋ ಫ್ಯಾನ್ ಪೈಪಿನ ಬಾಯಿ ಪಡುವಣಕ್ಕ ಮಾರಿ ಮಾಡಿ ಇಡಬ್ಯಾಡ್ರಿ, ಬ್ಯಾರೆ ದಾರಿ ಇಲ್ಲಂದ್ರ ಗಾಳಿ ತಡಿಯೋ ಟೊಪಗಿ ಹಾಕ್ರಿ. ಯಾವುದರ ಕಿಡಕಿ ಬಾಗಲದಿಂದ 4 ಫೂಟ್ ದೂರ ಇರಲಿ, ಅಮೆರಿಕಾದ ಗ್ಯಾಸ್ ಕೋಡಿನ್ಯಾಗ ಫ್ಯಾನ್ ಪೈಪಿಗೆ ಇದ ಅಳತಿ, ಕಿಡಕಿ ಮ್ಯಾಲ ಬರೋದಾದ್ರ ಒಂದು ಫೂಟ್ ಎತ್ತರ. ನಮ್ಮ ಕಿಡಕಿ ಅಷ್ಟ ಅಲ್ಲ, ಗಲ್ಲಿ ಮನಿಗೋಳು ಒಂದಕ್ಕೊಂದು ಹತ್ಕೊಂಡಿರ್ತಾವ, ಬಾಜೂ ಮನಿ ಕೂಸಿನ ತೊಟ್ಟಿಲಾ ಯಾವ ಕಿಡಕಿ ಬುಡಕ ಐತಿ ಅದೂ ನೋಡ್ರಿ. ಅಪಾರ್ಟ್‌ಮೆಂಟಿನ ಡಕ್ಟಿನ್ಯಾಗ, ಅಂದ್ರ ನಡುಕ ಗಾಳಿಗೆ ಬಿಟ್ಟ ಸಂದ್ಯಾಗ ಮಾತ್ರ ಬಿಡಲೇಬ್ಯಾಡ್ರಿ, ಎಲ್ಲಾ ಮನಿ ಬಚ್ಚಲ ಕಿಡಕಿ ಅಲ್ಲೇ ತೆರೀತಾವ, ನಿಮ್ಮ ಹೊಗಿ ಮ್ಯಾಲಿನ ಮನಿಯವ್ರ ಜಳಕದಾಗ ಹೋಗ್ತೈತಿ.

ಟೊಪಗಿ ಸುತ್ತ ಅರ್ಧ ಇಂಚಿನ ಜಾಳಗಿ ಹಾಕ್ರಿ, ಪಾರಿವಾಳ ಗುಬ್ಬಿ ಒಳಗ ಬರಬಾರದು. ಸೊಳ್ಳಿ ಜಾಳಗಿ ಬ್ಯಾಡ, ಅದು ಧೂಳಾ ಮಸಿಗೆ ಮುಚ್ಚಿಕೋತೈತಿ.

ಇಷ್ಟೆಲ್ಲಾ ಮಾಡಿ ಗಾಳಿ ಒಳಗ ಬರೋ ದಾರಿ ಮರತ್ರ ಪೈಪು ಕೆಲಸಾ ಮಾಡಂಗಿಲ್ಲ. ಬಾಟ್ಲಿ ಬೋರಲು ಹಾಕಿದ್ರ ನೀರು ಗುಳುಗುಳು ಅಂತ ತಡದು ತಡದು ಬೀಳ್ತೈತಲಾ, ಗಾಳಿ ಒಳಗ ಹೋಗದ ನೀರು ಹೊರಗ ಬರಂಗಿಲ್ಲ, ಪೈಪಿಂದೂ ಅದ ಕತಿ. ಗೀಸರ್ ಇರೋ ಖೋಲಿಗೆ ಹೊರಗಿನ ಗ್ವಾಡಿಯಾಗ ಎರಡು ಕಿಂಡಿ, 6 ಇಂಚಿಗೆ 6 ಇಂಚಿಂದು, ಒಂದು ನೆಲದಿಂದ ಒಂದು ಫೂಟಿನೊಳಗ, ಇನ್ನೊಂದು ಮಾಳಗಿಯಿಂದ ಒಂದು ಫೂಟಿನೊಳಗ. ಕೆಳಗಿನ ಕಿಂಡಿ ಇನ್ನೊಂದು ಕಾರಣಕ್ಕೂ ಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರ ನೆಲಕ್ಕ ಕೂಡತೈತಿ, ಅಲ್ಲಿಂದ ಹೊರಗ ಹೋಗ್ತೈತಿ. ಮುಚ್ಚಾಕ ಬರೋ ಬಾಗಲಾ ಅವಕ್ಕ ಹಚ್ಚಬ್ಯಾಡ್ರಿ, ಥಂಡ್ಯಾಗ ಯಾರರ ಮುಚ್ಚೇ ಮುಚ್ಚತಾರ. ಮತ್ತ ಬೆಳಗಾವಿ ಸಮುದ್ರಕ್ಕಿಂತ ಸುಮಾರು 2,500 ಫೂಟ್ ಎತ್ತರದಾಗ ಐತಿ, ಇಲ್ಲಿ ಗಾಳಿನ ನೂರಕ್ಕ ಎಂಟರಷ್ಟು ತೆಳುವು, ವಿಜಯಪುರ ಬಾಗಲಕೋಟಿ ನಮ್ಮಕಿಂತ ತಗ್ಗಿನ್ಯಾಗ ಅದಾವ. ಅದಕ್ಕ ಕಿಂಡಿ ಸ್ವಲ್ಪ ದೊಡ್ಡದಾದ್ರ ಛಲೋನ.

ಎಕ್ಸಾಸ್ಟ್ ಫ್ಯಾನ್ ಬಗ್ಗೆ ಒಂದು ಮಾತು, ಇದನ್ನ ಯಾರೂ ಹೇಳಂಗಿಲ್ಲ. ಗೀಸರ್ ಇರೋ ಖೋಲ್ಯಾಗ ಎಕ್ಸಾಸ್ಟ್ ಹಚ್ಚಿದ್ರ ಹೊಗಿ ಹೋಗ್ತೈತಿ ಅಂತ ತಿಳ್ಕೊಂಡಿರ್ತಾರ. ಬಾಗಲಾ ಕಿಡಕಿ ಮುಚ್ಚಿದ್ದಾಗ ಆ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು, ಹೊಗಿ ಪೈಪಿಂದನ ಎಳಕೋತೈತಿ, ಮ್ಯಾಲ ಹೋಗೋ ಹೊಗಿ ಉಲ್ಟಾ ಕೆಳಗ ಬರ್ತೈತಿ. ಅಡಗಿ ಮನಿ ಚಿಮಣಿನೂ ಹಂಗ ಮಾಡ್ತೈತಿ. ಅದಕ್ಕ ಮುಂದಿನ ಪರೀಕ್ಷಾ ಫ್ಯಾನ್ ಹಚ್ಚಿನ ಮಾಡಬೇಕು.

ಪರೀಕ್ಷಾ ಹಿಂಗ. ಮೊದ್ಲ ಗ್ಯಾಸಿನ ಜೋಡಿಗೋಳಿಗೆ ಸಾಬೂನ ನೀರು ಹಚ್ಚಿ ನೊರಿ ಗುಳ್ಳಿ ಏಳ್ತಾವೇನು ನೋಡ್ರಿ, ಬೆಂಕಿಕಡ್ಡಿ ಗೀರಿ ನೋಡೋದು ಬ್ಯಾಡೇಬ್ಯಾಡ. ರಬ್ಬರ್ ಪೈಪು ತಂತಿ ಬಿಗಿದ ಸುರಕ್ಷಾ ಪೈಪೇ ಇರಲಿ, ಐದು ವರ್ಷಕ್ಕ ಬದಲಸ್ರಿ. ಆಮ್ಯಾಲ ಬಾಗಲಾ ಕಿಡಕಿ ಎಲ್ಲಾ ಮುಚ್ಚಿ, ಮನ್ಯಾನ ಎಕ್ಸಾಸ್ಟ್ ಚಿಮಣಿ ಎಲ್ಲಾ ಚಾಲೂ ಮಾಡಿ, ಗೀಸರ್ ಐದು ನಿಮಿಷ ಉರಸ್ರಿ. ಒಂದು ಊದಿನಕಡ್ಡಿ ಹಚ್ಚಿ ಗೀಸರಿನ ಮ್ಯಾಲ ಕಾಲರಿನ ಬುಡಕ ಇರೋ ಹೊಗಿ ಸೀಳಿನ ಅಂಚಿಗೆ ಹಿಡೀರಿ, ಗ್ಯಾಸಿನ ಜೋಡಿ ಕಡೆ ಅಲ್ಲ. ಊದಿನಕಡ್ಡಿ ಹೊಗಿ ಒಳಗ ಎಳಕೊಂಡ್ರ ಸರಿ ಐತಿ. ಸುಮ್ನ ನೆಟ್ಟಗ ನಿಂತ್ರ, ಇಲ್ಲಾ ನಿಮ್ಮ ಕಡೆ ವಾಲಿದ್ರ ಗೀಸರ್ ತಕ್ಷಣ ಬಂದ್ ಮಾಡ್ರಿ. ಕನ್ನಡಿ ತುಂಡು ಹಿಡದೂ ನೋಡಬಹುದು, ಮಂಜು ಕಟ್ಟಿದ್ರ ಹೊಗಿ ಹೊರಗ ಸುರೀಲಿಕತ್ತೈತಿ ಅಂತ ಅರ್ಥ. ನಾವು ವೈನಿ ಮನ್ಯಾಗ ಮೊದಲ್ನೇ ಸಲ ನೋಡಿದಾಗ ಕಡ್ಡಿ ಹೊಗಿ ನಿಂತಿತ್ತು, ಹುಡುಕಿ ನೋಡಿದ್ರ ಕೆಳಗಿನ ಕಿಂಡಿಗೆ ಅಕ್ಕಿ ಚೀಲಾ ಅಡ್ಡ ಇಟ್ಟಿದ್ರು, ಚೀಲಾ ಸರಿಸಿದ ಕೂಡ್ಲೆ ಹೊಗಿ ಸರ್ ಅಂತ ಒಳಗ ಹೋತು. ಉರಿ ನೀಲಿ ಇರಬೇಕು, ಹಳದಿ ನಾಲಿಗಿ ಕಂಡ್ರ, ಗೀಸರ್ ಮ್ಯಾಲಿನ ಗ್ವಾಡಿಗೆ ಮಸಿ ಕಂಡ್ರ ಉಪಯೋಗ ಮಾಡಬ್ಯಾಡ್ರಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಗೋರಿ, ಬ್ಯಾಟರಿದು, ಆನ್‌ಲೈನ್ ಸಿಗ್ತೈತಿ. ಗೀಸರಿನ ಹತ್ರ ಇರೋ ಖೋಲ್ಯಾಗ ಮಾರಿ ಎತ್ತರಕ್ಕ ಹಚ್ರಿ, ಉಗಿ ಬಡಿಯೋ ಬಚ್ಚಲದಾಗ ಬ್ಯಾಡ. ಇದು ಪೈಪಿನ ಬದಲಿಗೆ ಅಲ್ಲ, ಪೈಪಿನ ಜೋಡಿಗೆ.

ಯಾರರ ಒಳಗ ಬಿದ್ರ ಮೊದ್ಲ ಬಾಗಲಾ ಕಿಡಕಿ ತಗೀರಿ, ಸಿಲಿಂಡರ್ ಬಂದ್ ಮಾಡ್ರಿ, ಅವರನ್ನ ಬಯಲಿಗೆ ತರ್ರಿ, 108ಕ್ಕ ಫೋನ್ ಹಚ್ರಿ. ನೀವು ಉಸಿರು ಹಿಡ್ಕೊಂಡ ಒಳಗ ಹೋಗ್ರಿ, ಕಾಪಾಡಾಕ ಹೋದವ್ರೂ ಬೀಳ್ತಾರ. ದವಾಖಾನ್ಯಾಗ ಗ್ಯಾಸ್ ಗೀಸರಿನ ಹೊಗಿ ಅಂತ ಬಾಯಿಬಿಟ್ಟು ಹೇಳ್ರಿ, ಯಾಕಂದ್ರ ಬೆರಳಿಗೆ ಹಚ್ಚೋ ಆಕ್ಸಿಮೀಟರ್ ಈ ವಿಷಾನ್ನೂ ಆಕ್ಸಿಜನ್ ಅಂತನ ಎಣಿಸಿ 98, 99 ತೋರಸ್ತೈತಿ, ಅದನ್ನ ನೋಡಿ ಆರಾಮ ಅದಾರ ಅಂತ ಮನಿಗೆ ಕರ್ಕೊಂಡು ಬರಬ್ಯಾಡ್ರಿ. ಗ್ಯಾಸ್ ಲೀಕಿಗೆ 1906 ನಂಬರ್, ಅದು ಹಗಲು ರಾತ್ರಿ ಇರ್ತೈತಿ.

ವರ್ಷಕ್ಕೊಮ್ಮೆ ಥಂಡಿ ಶುರು ಆಗೋಕ್ಕಿಂತ ಮೊದ್ಲ, ಅಂದ್ರ ದೀಪಾವಳಿ ಸುಣ್ಣ ಬಣ್ಣದ ಹೊತ್ತಿಗೆ, ಪೈಪ್ ಬಿಚ್ಚಿ ನೋಡ್ರಿ. ಬೋರಿನ ಗಡಸು ನೀರು ಇರೋ ಕಡೆ, ವಿಜಯಪುರ ಬಾಗಲಕೋಟಿ ಕಡೆಯವ್ರು ವಿಶೇಷ, ಗೀಸರಿನ ಒಳಗಿನ ಸುಣ್ಣಾನೂ ತಗಸ್ಕೋರಿ. ಹೋದ ಸಲ ನಾ ವೈನಿ ಮನಿ ಪೈಪಿನ ಟೊಪಗಿ ಬಿಚ್ಚಿದಾಗ ಕಣಜದ ಹುಳಾ ಬಾಯಿಗೆ ಮಣ್ಣಿನ ಗೂಡು ಕಟ್ಟಿತ್ತು, ಅರ್ಧ ಬಾಯಿ ಮುಚ್ಚಿತ್ತು, ಕೆಳಗ ನಿಂತು ನೋಡಿದ್ರ ಏನೂ ಕಾಣ್ತಿರ್ಲಿಲ್ಲ. ಕೆದರಿ ತಗದು, ಊದಿನಕಡ್ಡಿ ಪರೀಕ್ಷಾ ಮತ್ತ ಮಾಡಿ, ಗೀಸರಿನ ಬದಿಗೆ ಮಾರ್ಕರಿಲೆ ತಾರೀಖು ಬರದು ಬಂದೆ. ವೈನಿ ಅದರ ಬುಡಕ ಮುಂದಿನ ವರ್ಷದ್ದೂ ಬರದಿಟ್ಟಾರ.